ಅಪ್ಪನ ಕಾಲ್ಗುಣ

ನಮ್ಮಪ್ಪನ ಬಣ್ಣ ಅಪ್ಪಟ ಕಪ್ಪು. ಹುಟ್ಟಿದಾಗ ಮನೆಯ ಹಿರಿಯರು "ಗಂಡು ಹುಡುಗ ಅಲ್ವಾ, ನಡೆಯುತ್ತೆ ಬಿಡು" ಎಂದು ಸಮಾಧಾನ ಮಾಡಿಕೊಂಡಿದ್ದರಂತೆ. ಮುಂದೆ ಹೆಣ್ಣು ನೋಡಲು ಹೋದಲ್ಲೆಲ್ಲ "ಹುಡುಗ ಡಾಕ್ಟರು" ಅನ್ನುವುದನ್ನು ಎರಡೆರಡು ಸಲ ಹೇಳಬೇಕಾಯಿತಂತೆ. ಅರಸೀಕೆರೆಯಲ್ಲಿ ಹೀಗೆ ರಿಯಾಯಿತಿ ದರಕ್ಕೆ ಹೋದ ಮಾಲಿಗೆ, ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ವರ್ಷಕ್ಕೊಂದು ರಾತ್ರಿ ಚಿನ್ನದ ಬೆಲೆ ಬರುತ್ತಿತ್ತು.

ನಾವು ಅಲ್ಲಿಗೆ ಹೋಗಿದ್ದು 1973ರಲ್ಲಿ. ಅಬರ್ಡೀನ್‌ಶೈರಿನಲ್ಲಿ, ಹಂಟ್ಲಿ ಕಡೆಯ ಹಳ್ಳಿ. ಒಂದೇ ಬೀದಿ. ಒಂದು ಚರ್ಚು, ಅಂಚೆ ಕಚೇರಿಯೂ ಆಗಿದ್ದ ಒಂದು ಅಂಗಡಿ, ಸುತ್ತ ಕುರಿ ಮತ್ತು ಮಳೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಿದ್ದ. ಶಾಲೆ ಬಿಡುವ ಹೊತ್ತಿಗೆ ಕತ್ತಲು. ಅಮ್ಮ ದೇವರಿಗೆ ಸಂಜೆ ದೀಪ ಹಚ್ಚಿ, ಆಮೇಲೆ ಗಡಿಯಾರ ನೋಡಿ, "ಇನ್ನೂ ಕಾಫಿ ಹೊತ್ತೇ ಆಗಿಲ್ವಲ್ರೀ" ಅನ್ನುತ್ತಿದ್ದಳು.

ಭಾಷೆಯದ್ದು ಇನ್ನೊಂದು ಗೋಳು. ಮೈಸೂರಿನಲ್ಲಿ ಓದಿದ್ದ ಅಪ್ಪನಿಗೆ ತನ್ನ ಇಂಗ್ಲಿಷಿನ ಬಗ್ಗೆ ಹೆಮ್ಮೆಯಿತ್ತು. ಮೊದಲ ದಿನ ಬಂದ ಮೊದಲ ರೈತ ಟೋಪಿ ತೆಗೆದು "ಫಿಟ್ ಲೈಕ್, ಡಾಕ್ಟರ್?" ಅಂದ. ಅಪ್ಪ ಗಂಭೀರವಾಗಿ ಪೆನ್ನು ತೆಗೆದು, "ಎಷ್ಟು ದಿನದಿಂದ ಬರ್ತಿದೆ ಫಿಟ್ಸು?" ಎಂದು ಕೇಳಿದರು. ಆತ ಪಾಪ "ಹೇಗಿದ್ದೀರಿ" ಅಂದಿದ್ದ. ಅದು ಡೋರಿಕ್, ಆ ಸೀಮೆಯ ಆಡುಮಾತು. ಅದರಲ್ಲಿ ಫಿಟ್ ಅಂದರೆ ಏನು, ಫಾರ್ ಅಂದರೆ ಎಲ್ಲಿ, ಫೂ ಅಂದರೆ ಹೇಗೆ. ಹುಡುಗ ಲೂನ್, ಹುಡುಗಿ ಕ್ವೈನ್. ಇನ್ನೊಬ್ಬ ಬಂದು "ಆಕ್ಸ್‌ಟರ್ ನೋವು" ಅಂದಾಗ, ಅಪ್ಪ ಎತ್ತು ತಿವಿದಿರಬೇಕೆಂದು ಪಕ್ಕೆಲುಬೆಲ್ಲ ಒತ್ತಿ ನೋಡಿದರು. ಆಕ್ಸ್‌ಟರ್ ಅಂದರೆ ಕಂಕುಳು. ಕಂಕುಳಲ್ಲಿ ಕುರು ಆಗಿತ್ತು.

ಇಷ್ಟೆಲ್ಲ ಆದಮೇಲೆ ಬಂತು ಡಿಸೆಂಬರ್ 31.

ಅಲ್ಲಿ ಕ್ರಿಸ್‌ಮಸ್‌ಗಿಂತ ಹೊಸ ವರ್ಷವೇ ದೊಡ್ಡ ಹಬ್ಬ. ಕ್ರಿಸ್‌ಮಸ್‌ಗೆ ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ರಜೆ ಸಿಕ್ಕಿದ್ದೇ 1958ರಲ್ಲಿ. ವರ್ಷದ ಕೊನೆಯ ರಾತ್ರಿಗೆ ಹೊಗ್ಮನೇ ಎಂದು ಹೆಸರು. ಅವತ್ತು ಮನೆ ಗುಡಿಸಿ ಒರೆಸಿ, ಒಲೆಯ ಬೂದಿ ಆಚೆ ಚೆಲ್ಲಿ, ಸಾಲ ಇದ್ದರೆ ತೀರಿಸಿಬಿಡಬೇಕು. ನಮ್ಮ ಯುಗಾದಿಯೇ ಅನ್ನಿ, ಬೇವು ಬೆಲ್ಲ ಇಲ್ಲ, ಬದಲಿಗೆ ವಿಸ್ಕಿ.

ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆ ಅಜ್ಜಿಯಿಂದ ಫೋನು. ತಕ್ಷಣ ಬನ್ನಿ ಅಂತ. ಅಪ್ಪ ಪೈಜಾಮದ ಮೇಲೆ ಕೋಟು ಏರಿಸಿ, ಸ್ಟೆತೊಸ್ಕೋಪು ಚೀಲ ಹಿಡಿದು ಓಡಿದರು. ಅಜ್ಜಿ ಗುಂಡುಕಲ್ಲಿನಂತೆ ಬಾಗಿಲಲ್ಲಿ ನಿಂತಿದ್ದರು. ಅಪ್ಪನ ಕೈಯಿಂದ ಚೀಲ ಕಿತ್ತುಕೊಂಡು, ಬದಲಿಗೆ ಒಂದು ಕಲ್ಲಿದ್ದಲ ತುಂಡು ಇಟ್ಟು, ದಢಾರೆಂದು ಬಾಗಿಲು ಹಾಕಿಕೊಂಡರು. ಹೊರಗೆ ಹಿಮ. ಕೈಯಲ್ಲಿ ಕಲ್ಲಿದ್ದಲು. ವಯಸ್ಸಾದವರಿಗೆ ಒಮ್ಮೊಮ್ಮೆ ಹೀಗೆ ಬುದ್ಧಿ ಭ್ರಮಣೆ ಆಗುವುದುಂಟು, ಬೆಳಿಗ್ಗೆ ಇವರ ಮಗನಿಗೆ ಹೇಗಪ್ಪಾ ಹೇಳುವುದು ಎಂದು ಅಪ್ಪ ನಡುಗುತ್ತಾ ಯೋಚಿಸುತ್ತಿದ್ದರಂತೆ. ಹನ್ನೆರಡು ಹೊಡೆಯಿತು. ಬಾಗಿಲು ತೆರೆಯಿತು. ಒಳಗೆ ಅರ್ಧ ಊರೇ ಕೂತಿತ್ತು. "ಬನ್ನಿ ಡಾಕ್ಟರೇ, ಬನ್ನಿ, ಬಲಗಾಲಿಡಿ" ಅಂತ ಅವರೇನೂ ಅನ್ನಲಿಲ್ಲ. ಆದರೆ ಎಲ್ಲರೂ ಅಪ್ಪನ ಕಾಲನ್ನೇ ನೋಡುತ್ತಿದ್ದರು.

ಆಮೇಲೆ ತಿಳಿಯಿತು. ಹನ್ನೆರಡು ಹೊಡೆದ ಮೇಲೆ ಹೊಸಿಲು ದಾಟುವ ಮೊದಲ ಮನುಷ್ಯನ ಕಾಲ್ಗುಣದ ಮೇಲೆ ಆ ಮನೆಯ ಇಡೀ ವರ್ಷ ನಿಂತಿದೆ. ಆತ ಗಂಡಸಾಗಿರಬೇಕು, ಎತ್ತರವಿರಬೇಕು, ಕೂದಲು ಕಪ್ಪಗಿರಬೇಕು. ಬರಿಗೈಯಲ್ಲಿ ಬರಬಾರದು, ಒಲೆಗೊಂದು ಕಲ್ಲಿದ್ದಲು ತರಬೇಕು. ಕೆಂಚುಗೂದಲಿನವರು ಬಂದರೆ ಅನಿಷ್ಟ. ಹಿಂದೆ ಕೆಂಚುಗೂದಲಿನ ವೈಕಿಂಗರು ಕೊಡಲಿ ಹಿಡಿದು ಬರುತ್ತಿದ್ದರಲ್ಲ, ಆ ಭಯ ಇನ್ನೂ ಹೋಗಿಲ್ಲ ಅನ್ನುತ್ತಾರೆ. ಆದರೆ ಅಲ್ಲಿ ಹತ್ತರಲ್ಲಿ ಆರು ಜನ ನೋಡಲು ಕ್ಯಾರೆಟ್ಟಿನ ಹಾಗೆ. ಅಂಥ ಊರಿಗೆ, ತಲೆಯಿಂದ ಹಿಮ್ಮಡಿಯವರೆಗೆ ಕಪ್ಪಗಿರುವ ಡಾಕ್ಟರು ಸರ್ಕಾರದ ಖರ್ಚಿನಲ್ಲಿ ಬಂದಿಳಿದಿದ್ದರು. ಎತ್ತರ ಮಾತ್ರ ಐದಡಿ ನಾಲ್ಕಂಗುಲ. ಅಷ್ಟಕ್ಕೆ ಊರಿನವರು ಅಡ್ಜಸ್ಟ್ ಮಾಡಿಕೊಂಡರು.

ಮರುವರ್ಷದಿಂದ ಬುಕಿಂಗು. ನವೆಂಬರಿನಲ್ಲೇ ಕೆಮ್ಮು ಎಂದು ಬಂದವರು ಕೊನೆಗೆ ಮೆಲ್ಲಗೆ "31ಕ್ಕೆ ನಮ್ಮನೆಗೆ ಎಷ್ಟು ಹೊತ್ತಿಗೆ?" ಎಂದು ಕೇಳುತ್ತಿದ್ದರು. ಪ್ರತಿ ಮನೆಯಲ್ಲೂ ವಿಸ್ಕಿ ಬೇರೆ. ಅಪ್ಪ ಡ್ಯೂಟಿಯ ನೆಪ ಹೇಳಿ ಜಿಂಜರ್ ಕಾರ್ಡಿಯಲ್ ಕುಡಿದು ಬರುತ್ತಿದ್ದರು. ಅದು ಶುಂಠಿ ಪಾನಕವೇ. ಅಮ್ಮನಿಗೆ ಇಷ್ಟವಾಗಿದ್ದು ಕ್ಲೂಟಿ ಡಂಪ್ಲಿಂಗ್. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಸಿಹಿ, ದ್ರಾಕ್ಷಿ ಹಾಕಿದ್ದು. "ಥೇಟ್ ನಮ್ಮ ಕಡುಬು ಕಣ್ರೀ" ಎಂದು ಮೂರು ವರ್ಷ ಮನಸಾರೆ ತಿಂದಳು. ನಾಲ್ಕನೇ ವರ್ಷ ರೆಸಿಪಿ ಕೇಳಿದಳು. ಅದಕ್ಕೆ ಹಾಕುವುದು ದನದ ಕೊಬ್ಬು. ಈ ವಿಷಯ ಅರಸೀಕೆರೆಗೆ ಬರೆದ ಯಾವ ಕಾಗದದಲ್ಲೂ ಬರಲಿಲ್ಲ.

ಹೊರಡುವಾಗ ಎಲ್ಲರೂ ಹರಸುತ್ತಿದ್ದರು: "ಲ್ಯಾಂಗ್ ಮೇ ಯರ್ ಲಮ್ ರೀಕ್." ನಿಮ್ಮ ಹೊಗೆಗೂಡು ಬಹುಕಾಲ ಹೊಗೆಯಾಡಲಿ, ಅಂದರೆ ಒಲೆ ಆರದಿರಲಿ ಅಂತ. ಒಳ್ಳೆಯ ಮಾತೇ. ಆದರೆ ಇದನ್ನೇ ಅನುವಾದ ಮಾಡಿಕೊಂಡು ಬೆಂಗಳೂರಿನಲ್ಲಿ ಯಾರಿಗಾದರೂ ಹೊಗೆಯ ವಿಷಯ ಹೇಳಿ ನೋಡಿ, ಒದೆ ಬೀಳುತ್ತದೆ.

ನನಗೆ ಎಂಟು ವರ್ಷವಾದಾಗ ಅಪ್ಪನ ಜೊತೆ ಹೋಗಲು ಪರ್ಮಿಷನ್ ಸಿಕ್ಕಿತು. ಮೊದಲ ಮನೆ ಅಜ್ಜಿಯದು. ಅವತ್ತು ಸಂಜೆಯಿಂದ ಮೂರು ಲೋಟ ಪಾನಕ ಕುಡಿದಿದ್ದೆ. ಹೊರಗಿನ ಚಳಿಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಹನ್ನೆರಡು ಹೊಡೆಯಿತು, ಬಾಗಿಲು ತೆರೆಯಿತು. ಅಪ್ಪ ಕೋಟು ಸರಿಮಾಡಿಕೊಂಡು ಕಾಲೆತ್ತುವಷ್ಟರಲ್ಲಿ ನಾನು ಅವರ ಕೈಕೆಳಗೆ ನುಗ್ಗಿ ಬಚ್ಚಲಿಗೆ ಓಡಿದ್ದೆ.

ವಾಪಸು ಬಂದರೆ ಮನೆಯೆಲ್ಲ ಸ್ತಬ್ಧ. ಮೊದಲ ಕಾಲು ಹೆಂಗಸಿನದಾಗಬಾರದು. ಕೆಂಚುಗೂದಲಿಗಿಂತ ಅದು ಕೆಟ್ಟದ್ದು. ದೊಡ್ಡ ಚರ್ಚೆ ನಡೆಯಿತು, ಏಕಾದಶಿ ಇವತ್ತೋ ನಾಳೆಯೋ ಎಂದು ನಮ್ಮಲ್ಲಿ ನಡೆಯುತ್ತದಲ್ಲ, ಹಾಗೆ. ಎಂಟು ವರ್ಷದ ಹುಡುಗಿ ಹೆಂಗಸಿನ ಲೆಕ್ಕಕ್ಕೆ ಬರುತ್ತಾಳೋ ಇಲ್ಲವೋ? ಬಚ್ಚಲಿಗೆ ಬಂದದ್ದು ಭೇಟಿ ಅನ್ನಿಸಿಕೊಳ್ಳುತ್ತದೋ ಇಲ್ಲವೋ? ಕೊನೆಗೆ ನನ್ನನ್ನು ಹಿತ್ತಲ ಬಾಗಿಲಿನಿಂದ ಆಚೆ ಕಳಿಸಿ, ಅಪ್ಪನನ್ನು ಹೊಸದಾಗಿ ಒಳಗೆ ಕರೆದರು. ಪರಿಹಾರವೇನೋ ಆಯಿತು, ನಂಬಿಕೆ ಬರಲಿಲ್ಲ.

ಆ ವರ್ಷ ಊರಿನಲ್ಲಿ ಆದದ್ದೆಲ್ಲ ನನ್ನ ಖಾತೆಗೆ. ಜನವರಿಯಲ್ಲಿ ಅಜ್ಜಿಯ ಮನೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು. ಏಪ್ರಿಲ್‌ನಲ್ಲಿ ಕುರಿಗಳು ಮರಿ ಹಾಕುವಾಗ ಹಿಮ ಬಿತ್ತು. ಅದು ಹೆಚ್ಚೂಕಮ್ಮಿ ಎಲ್ಲ ವರ್ಷವೂ ಬೀಳುತ್ತಿತ್ತು, ಆ ವರ್ಷ ಮಾತ್ರ ನನ್ನಿಂದ. ಎದುರು ಮನೆಯ ಟ್ರ್ಯಾಕ್ಟರ್ ಮಾವ ಕಂಡಾಗಲೆಲ್ಲ ಹುಬ್ಬೇರಿಸಿ, "ಕ್ವೈನ್, ಮುಂದೇನು ಪ್ಲ್ಯಾನು?" ಎಂದು ಕೇಳುತ್ತಿದ್ದ. ಅಕ್ಟೋಬರಿನಲ್ಲಿ ಶಾಲೆಗೆ ಆಲೂಗಡ್ಡೆ ರಜೆ. ಮಕ್ಕಳು ಹೊಲಕ್ಕೆ ಹೋಗಿ ಆಲೂಗಡ್ಡೆ ಆರಿಸಲಿ ಅಂತಲೇ ಕೊಡುತ್ತಿದ್ದ ರಜೆ ಅದು. "ಡಾಕ್ಟರ್ ಮಗಳು ಕೂಲಿಗೆ ಹೋಗ್ತಾಳಂತೆ!" ಎಂದು ಅಮ್ಮ ಅತ್ತೇಬಿಟ್ಟಳು. ಅಳುವ ಅಗತ್ಯವೇ ಇರಲಿಲ್ಲ, ವಾರವಿಡೀ ಮಳೆ ಹುಯ್ದು ಕೂಲಿ ತಪ್ಪಿತು. ಅದೂ ನನ್ನಿಂದಲೇ.

ತಿಂಗಳ ಕೊನೆಗೆ ಹ್ಯಾಲೋವೀನ್. ಅಲ್ಲಿ ಆಗ ಕುಂಬಳಕಾಯಿ ಇಲ್ಲ, ಟರ್ನಿಪ್ ಗೆಡ್ಡೆ ಕೊರೆದು ಲಾಟೀನು ಮಾಡಬೇಕು. ಕಲ್ಲಿನಷ್ಟು ಗಟ್ಟಿ. ಅಮ್ಮನ ಎರಡು ಚಮಚ ಬಾಗಿದವು. ಒಳಗೆ ಮೋಂಬತ್ತಿ ಇಟ್ಟರೆ, ತಳ ಹಿಡಿದ ಸಾಂಬಾರಿನ ವಾಸನೆ. ಮನೆಮನೆಗೂ ಹೋಗಿ ಏನಾದರೂ ಹಾಡಿ ತೋರಿಸಿದರೇ ಕಡಲೆಕಾಯಿ, ಸೇಬು ಸಿಗುತ್ತಿದ್ದದ್ದು. ನಾನು ಮಾಟಗಾತಿ ವೇಷದಲ್ಲಿ ಕಣ್ಣು ಮುಚ್ಚಿ ದೇವರನಾಮ ಹಾಡಿದೆ. ಚರಣಕ್ಕೆ ಬರುವಷ್ಟರಲ್ಲಿ ಜಡೆಯ ತುದಿ ಲಾಟೀನಿಗೆ ತಾಗಿ ಚರ್ರೆಂದಿತು. ಅಜ್ಜಿ ಒದ್ದೆ ಬಟ್ಟೆಯಿಂದ ಅದುಮಿ ಆರಿಸಿ, ತೃಪ್ತಿಯಿಂದ ತಲೆದೂಗಿ, "ಇನ್ನು ಲೆಕ್ಕ ಚುಕ್ತಾ ಆಯ್ತು" ಅಂದರು.

ಅಪ್ಪನ ಸೇವೆ ಹದಿಮೂರು ವರ್ಷ ನಡೆಯಿತು. ಅಷ್ಟರಲ್ಲಿ ತಲೆ ನರೆಯಿತು. ಊರಿನಲ್ಲಿ ಗುಸುಗುಸು ಶುರುವಾಯಿತು. ಬೂದುಗೂದಲಿಗೆ ಶಾಸ್ತ್ರದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಮಾತಾಡಲಿಲ್ಲ. ಸುಮ್ನೆ ಬೆಂಗಳೂರಿನ ಚಿಕ್ಕಪ್ಪನಿಗೆ ಬರೆದು ಹೇರ್ ಡೈ ತರಿಸಿಕೊಂಡರು. 31ರ ರಾತ್ರಿ ಹತ್ತೂವರೆಗೆ ಒಂದು ತುರ್ತು ಕೇಸು ಮುಗಿಸಿ ಬಂದು, ಗಡಿಬಿಡಿಯಲ್ಲಿ ಹಚ್ಚಿಕೊಂಡು, ಅರ್ಧಂಬರ್ಧ ತೊಳೆದು, ಕಲ್ಲಿದ್ದಲು ಹಿಡಿದು ಹೊರಟರು. ದಾರಿಯಲ್ಲಿ ಮಂಜುಮಳೆ.

ಅಜ್ಜಿಯ ಬಾಗಿಲು ತೆರೆಯಿತು. ದೀಪದ ಬೆಳಕಿನಲ್ಲಿ ಅಪ್ಪನ ಹಣೆಯಿಂದ ಎರಡು ಕಪ್ಪು ಗೆರೆ ಇಳಿದು ಬಿಳಿ ಕಾಲರಿನ ಮೇಲೆ ಸೇರುತ್ತಿದ್ದವು. ಯಾರೂ ಉಸಿರೆತ್ತಲಿಲ್ಲ. ಅಜ್ಜಿ ಅಪ್ಪನನ್ನು ಮೊದಲು ಪೂರ್ತಿ ಒಳಗೆ ಬರಗೊಟ್ಟರು. ಆಮೇಲೆ ಪಾತ್ರೆ ಒರೆಸುವ ಬಟ್ಟೆ ತಂದು ಹಣೆ ಒರೆಸಿದರು.

"ಡಾಕ್ಟರೇ, ಮುಂದಿನ ವರ್ಷ ಕಲ್ಲಿದ್ದಲನ್ನು ಕೈಯಲ್ಲಿ ಹಿಡ್ಕೊಂಡು ಬಂದರೆ ಸಾಕು. ತಲೆ ಮೇಲೆ ಬೇಡ."