ಮರಳು ಅಂದ್ರೆ ಮರಳೇ ಅಲ್ವಾ ಸಾರ್ ಅಂತೆ!

ನಾಲ್ಕು ದಿನದಿಂದ ಹೊಟ್ಟೆ ಉರೀತಿದೆ, ಮನೇಲಿ ಬಾಯಿಬಿಟ್ರೆ "ಪೂಲ್ ಬೇಡ ಅಂತ ಆವತ್ತೇ ಬಡ್ಕೊಂಡೆ ಕಣ್ರೀ" ಅಂತ ಮತ್ತೆ ಶುರುವಾಗುತ್ತೆ, ಅದಕ್ಕೇ ಇಲ್ಲಿ ಕಾರ್ಕೊಳ್ತಿದೀನಿ.

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ತೋಟದ ಪಕ್ಕ ನಮ್ದೊಂದು ಸಣ್ಣ ಹೋಮ್‌ಸ್ಟೇ. ಮಳೆ ಧೋ ಅಂತ ಹೊಯ್ತಿದ್ರೂ ಬೆಂಗ್ಳೂರಿನವ್ರಿಗೆ ಪೂಲ್ ಬೇಕು ಮಾರಾಯ್ರೆ. ಫಿಲ್ಟರಿಗೆ ಮರಳು ಹಾಕಿ ಐದು ವರ್ಷ ಆಗಿತ್ತು, ಎಷ್ಟು ಬ್ಯಾಕ್‌ವಾಶ್ ಕೊಟ್ರೂ (ಅಂದ್ರೆ ನೀರು ಉಲ್ಟಾ ಹರಿಸಿ ಮರಳು ತೊಳೆದ್ರೂ) ಎರಡೇ ದಿನಕ್ಕೆ ಒತ್ತಡದ ಗೇಜು 12ರಿಂದ 22 ಪಿಎಸ್‌ಐಗೆ ಏರೋದು. ದಸರಾ ರಜೆ ಒಳಗೆ ಮರಳು ಬದಲಿಸಿಬಿಡೋಣ ಅಂತ ಶಿವಮೊಗ್ಗದಿಂದ ಪೂಲ್ ಕೆಲಸದವನೊಬ್ಬನ್ನ ಕರೆಸಿದೆ. ಬಂದ, ಕಡುಬು ತಿಂದ, ಮೋಟ್ರು ಓಡ್ತಿದ್ದಾಗ್ಲೇ ನೀರಿನ ದಾರಿ ಬದಲಿಸೋ ವಾಲ್ವಿನ ಹ್ಯಾಂಡಲ್ ಹಿಡ್ದು ಟರ್ರಂತ ತಿರುಗಿಸಿದ. ಅಯ್ಯೋ ಆಫ್ ಮಾಡೋ ಮೊದ್ಲು ಅಂದ್ರೆ "ಏನಾಗಲ್ಲ ಸಾರ್, ದಿನಾ ಮಾಡ್ತೀವಿ". ನಂಗೆ ಅಡಿಕೆ ಮಂಡಿಯಲ್ಲಿ ಕೆಲಸ ಇತ್ತು, ಬಿಟ್ಟು ಹೋದೆ. ಅದೇ ತಪ್ಪು.

ಸಂಜೆ ಬಂದು ಮೋಟ್ರು ಹಾಕಿದ್ರೆ ಪೂಲ್ ನೀರು ಹಾಲು ಕಮ್ಮಿ ಹಾಕಿದ ಟೀ ಬಣ್ಣ! ನೀರು ಬೀಳೋ ಬಾಯಿ ಕೆಳಗೆ ಬೊಗಸೆ ಬೊಗಸೆ ಮರಳು, ಆ ಕಡೆ ವೇಸ್ಟ್ ಪೈಪಲ್ಲಿ ಬೇರೆ ನೀರು ಸೋರ್ತಾನೇ ಇದೆ. ಫೋನ್ ಮಾಡಿ ಎಂತ ಮರಳೋ ಹಾಕಿದ್ದು ಅಂದ್ರೆ "ಹೊಳೆ ಮರಳು ಸಾರ್, ಮರಳು ಅಂದ್ರೆ ಮರಳೇ ಅಲ್ವಾ". ಅಲ್ಲಯ್ಯ, ಇದೇನು ಗಾರೆ ಕೆಲಸವಾ? ಫಿಲ್ಟರಿಗೆ 0.45ರಿಂದ 0.55 ಮಿಲಿಮೀಟರಿನ ಸಿಲಿಕಾ ಮರಳೇ ಆಗ್ಬೇಕು, ಹೊಳೆ ಮರಳಲ್ಲಿ ಮಣ್ಣು, ಚಿಪ್ಪು, ಧೂಳು ಎಲ್ಲಾ ಇರುತ್ತೆ. ಆಮೇಲೆ ಫೋನ್ ಎತ್ತೋದೇ ಬಿಟ್ಟ.

ಸರಿ, ನಾನೇ ಇಳಿದೆ. 24 ಇಂಚಿನ ಟ್ಯಾಂಕು, 150 ಕೆಜಿ ಒದ್ದೆ ಮರಳು, ಮೇಲಿನ ಬಾಯಲ್ಲಿ ಒಂದು ಕೈ ಹೋಗುತ್ತೆ ಅಷ್ಟೇ, ಚೊಂಬಲ್ಲಿ ಮೊಗೆದು ಮೊಗೆದು ಭುಜ ಬಿದ್ದೇಹೋಯ್ತು. ತಳ ಸಿಕ್ಕಾಗ ನೋಡಿದ್ರೆ ಸುತ್ತ ಇರೋ ಎಂಟು ಲ್ಯಾಟರಲ್‌ನಲ್ಲಿ (ಮರಳು ತಡೆದು ನೀರು ಮಾತ್ರ ಬಿಡೋ ಸೀಳಿನ ಪೈಪು) ಎರಡು ಬುಡದಲ್ಲೇ ಲಟಕ್, ಮರಳು ಪೂಲಿಗೆ ಹೋಗಿದ್ದು ಅಲ್ಲಿಂದ್ಲೇ. ಖಾಲಿ ಟ್ಯಾಂಕಿಗೆ ಚೀಲ ಬಗ್ಗಿಸಿ ಒಂದೇ ಸಲ ಸುರಿದಿದಾನೆ, ಅರ್ಧ ನೀರು ತುಂಬ್ಕೊಂಡು ಆಮೇಲೆ ನಿಧಾನಕ್ಕೆ ಹಾಕ್ಬೇಕು ಅನ್ನೋದು ಗೊತ್ತಿಲ್ವಾ! ವಾಲ್ವ್ ಮುಚ್ಚಳ ಬಿಚ್ಚಿದ್ರೆ ಒಳಗೆ ಗಾಡಿ ಚಕ್ರದ ಹಾಗೆ ಅರೆಕಾಲು ಇರೋ ರಬ್ಬರ್ ಗ್ಯಾಸ್ಕೆಟ್, ಒಂದು ಕಾಲು ಕಿತ್ತು ಬಂದು ನೇತಾಡ್ತಿದೆ. ಮೋಟ್ರು ಆಫ್ ಮಾಡ್ದೆ ತಿರುಗಿಸಿದ್ದಕ್ಕೆ ಪ್ರಸಾದ, ವೇಸ್ಟ್ ಪೈಪ್ ಸೋರ್ತಿದ್ದದ್ದೂ ಇದಕ್ಕೇ. ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಪಂಪಿಗೆ ಹಳೇ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಎಷ್ಟು ಮಳೆಗಾಲ ದಾಟಿಸಿಲ್ಲ ನಾನು, ಆದ್ರೆ ಇದಕ್ಕೆ ಆ ಆಟ ನಡೆಯಲ್ಲ, ಅದೇ ಮಾಡೆಲ್ಲಿಂದೇ ಬೇಕು. ಲ್ಯಾಟರಲ್ಲೂ ಸೇರಿಸಿ ಬೆಂಗ್ಳೂರಿಂದ ಬಸ್ಸಲ್ಲಿ ಹಾಕ್ಸಿ ತರಿಸ್ದೆ.

ಜೋಡ್ಸೋದು ಇನ್ನೊಂದು ಕಥೆ. ಮುಚ್ಚಳ ಒತ್ತುವಾಗ ಸ್ಪ್ರಿಂಗ್ ಎಗರಿ ಹಾರಿ ದಾಸವಾಳದ ಬುಡಕ್ಕೆ, ಅರ್ಧ ಗಂಟೆ ಜಿಗಣೆ ಕಚ್ಚಿಸ್ಕೊಂಡು ಹುಡುಕಿದ್ದು. ನಡುವಿನ ಪೈಪಿನೊಳಗೆ ಮರಳು ಹೋಗದ ಹಾಗೆ ಬಾಯಿಗೆ ಟೇಪ್ ಸುತ್ತಿ, ನೀರು ತುಂಬಿ, ಆರು ಚೀಲ ಸಿಲಿಕಾ ಚೊಂಬಲ್ಲಿ ಇಳಿಸಿ, ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಹಚ್ಚಿ (ವ್ಯಾಸಲಿನ್ ಹಚ್ಚಿದ್ರೆ ರಬ್ಬರ್ ಊದ್ಕೊಳುತ್ತೆ), ಮೊದ್ಲು ಬ್ಯಾಕ್‌ವಾಶ್ ಆಮೇಲೆ ರಿನ್ಸ್ (ನೀರು ನೇರ ಹರಿಸಿ ಉಳಿದ ಕೊಳೆ ಹೊರಗೆ ಬಿಡೋದು) ಅಂತ ಹೊರಟ್ರೆ ಕರೆಂಟ್ ಹೋಯ್ತು. ರಾತ್ರಿ ಹತ್ತಕ್ಕೆ ಬಂತು. ಗೇಜು 12ಕ್ಕೆ ನಿಂತಾಗ ಉಂಡಿದ್ದು ನಾನು.

ಇವತ್ತು ಬೆಳಗ್ಗೆ ಅವನೇ ಫೋನ್ ಮಾಡಿದಾನೆ. "ಪೂಲ್ ಕ್ಲಿಯರ್ ಆಯ್ತಂತಲ್ಲ ಸಾರ್, ಬ್ಯಾಲೆನ್ಸ್ ಎರಡು ಸಾವಿರ ಇತ್ತು." ಬಾ ಮಾರಾಯ, ಕೊಡ್ತೀನಿ. ನಿನ್ನ ಹೊಳೆ ಮರಳು ಕೊಟ್ಟಿಗೆ ಹಿಂದೆ ರಾಶಿ ಬಿದ್ದಿದೆ, ಕೋಳಿ ಕೆರೀತಿದಾವೆ, ಚೊಂಬು ನಂದೇ ಕೊಡ್ತೀನಿ, ತುಂಬ್ಕೊಂಡು ಹೋಗು.