ಊರಿಗೆಲ್ಲ ಪಿಂಚಣಿ ಹಂಚುವ ನಮಗೆ ಪಿಂಚಣಿ ಯಾಕಿಲ್ಲ?

"ನಿಮಗೇನ್ರೀ, ಸೆಂಟ್ರಲ್ ಗೌರ್ಮೆಂಟ್ ಕೆಲಸ, ವಯಸ್ಸಾದ್ಮೇಲೂ ಪೆನ್ಷನ್ ಬರುತ್ತೆ" ಅಂತ ಯಾರಾದರೂ ಅಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬರೋದಿಲ್ಲ ಸ್ವಾಮಿ. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಕೂತ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೂ (ಬಿಪಿಎಂ) ಬರೋದಿಲ್ಲ, ಬಿಸಿಲಲ್ಲಿ ಊರೂರು ಸುತ್ತಿ ಟಪಾಲು ಕೊಡುವ ಅವನ ಸಹಾಯಕನಿಗೂ (ಎಬಿಪಿಎಂ) ಬರೋದಿಲ್ಲ. ಗ್ರಾಮೀಣ ಅಂಚೆ ಸೇವಕರು ಅಂತ ದೇಶದಲ್ಲಿ ನಾವು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದೇವೆ. 65 ತುಂಬಿದ ದಿನ ಮೊಹರು, ಚೀಲ, ಮೊಬೈಲ್ ಒಪ್ಪಿಸಿ ಮನೆಗೆ ಹೋಗಬೇಕು, ಅಷ್ಟೇ.

ಇದು ಯಾರೋ ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬರೆದಿಟ್ಟಿದ್ದು. ನಮ್ಮನ್ನು ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಹೊರಗಿನ) ಏಜೆಂಟರು ಅಂತ ಕರೆಯುತ್ತಿದ್ದ ಕಾಲದ 1964ರ ನಿಯಮಗಳಲ್ಲೇ ಇವರಿಗೆ ಪಿಂಚಣಿಯ ಹಕ್ಕಿಲ್ಲ ಅಂತ ಇತ್ತು. 2011ರಲ್ಲಿ, ಮತ್ತೆ 2020ರಲ್ಲಿ ಹೊಸ ನಿಯಮ ಬಂತು, ಆ ಸಾಲು ಮಾತ್ರ ಹೋಗಲಿಲ್ಲ. ಅದರಲ್ಲೇ ಇನ್ನೂ ಇದೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಸೇವಕ ಕೇಂದ್ರದ ನಾಗರಿಕ ಸೇವೆಯ ಹೊರಗಿನವನು, ಸರ್ಕಾರಿ ನೌಕರರಿಗೆ ಸಮ ಅಂತ ಹೇಳಿಕೊಳ್ಳುವಂತಿಲ್ಲ. ಇದಕ್ಕೆಲ್ಲ ಕಳಶ ಇಟ್ಟ ಹಾಗೆ, ನನಗೆ ಬೇರೆ ಆದಾಯ ಇದೆ ಅಂತ ಕೆಲಸಕ್ಕೆ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕು. ಕೆಲಸ ಸಿಕ್ಕರೆ ಸಾಕು ಅಂತ ಬಂದ ಹುಡುಗ ಯಾವ ಕಾಗದಕ್ಕೆ ತಾನೇ ಸಹಿ ಹಾಕುವುದಿಲ್ಲ? ಅಪ್ಪನ ಹೆಸರಲ್ಲಿರುವ ಮಳೆ ನಂಬಿದ ಹೊಲವೇ ಅವನ ಬೇರೆ ಆದಾಯ. ಆ ಒಂದು ಸಹಿ ಹಿಡಿದುಕೊಂಡು ನಲವತ್ತು ವರ್ಷ ಆದ ಮೇಲೆ ಕೈ ತೊಳೆದುಕೊಳ್ಳುತ್ತಾರೆ.

ಐದು ಗಂಟೆಯಂತೆ! ಬೆಳಿಗ್ಗೆ ಬಾಗಿಲು ತೆಗೆದರೆ ಟಪಾಲು ಅನ್ನುವುದು ಕೆಲಸದಲ್ಲಿ ಒಂದು ಪಾಲು ಮಾತ್ರ. ಆರ್‌ಡಿ ಕಂತು ಕಟ್ಟಿಸಿಕೊಳ್ಳಬೇಕು, ಸುಕನ್ಯಾ ಖಾತೆ ತೆರೆಸಬೇಕು, ಗ್ರಾಮೀಣ ಅಂಚೆ ಜೀವ ವಿಮೆಗೆ ಜನರನ್ನು ಒಪ್ಪಿಸಬೇಕು. 2018ರ ಸೆಪ್ಟೆಂಬರ್‌ನಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಅದೂ ನಮ್ಮ ತಲೆಗೇ ಬಂತು. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸುವುದೂ ನಾವೇ. ನೆಟ್‌ವರ್ಕ್ ಸಿಗದಿದ್ದರೆ ಮೆಷಿನ್ ಹಿಡಿದುಕೊಂಡು ಮಾಳಿಗೆ ಹತ್ತಿ ನಿಲ್ಲುತ್ತೇವೆ, ಹೆಬ್ಬೆಟ್ಟು ಹಿಡಿಯದ ಅಜ್ಜಿಯ ಬೆರಳು ಒರೆಸಿ ಒರೆಸಿ ಮತ್ತೆ ಒತ್ತಿಸುತ್ತೇವೆ. ಇದೆಲ್ಲ ಮುಗಿಸಿ ಊಟಕ್ಕೆ ಕೂತರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇವತ್ತಿನ ಟಾರ್ಗೆಟ್ ಎಷ್ಟಾಯಿತು, ಸೊನ್ನೆ ಇದ್ದವರು ಕಾರಣ ಕೊಡಿ ಅಂತ ಮೇಲಿನವರ ಸಂದೇಶ. ಬೈಗುಳಕ್ಕೆ ಹೆದರಿ ಮೊದಲ ಕಂತನ್ನು ಕೈಯಿಂದಲೇ ಕಟ್ಟಿ ಖಾತೆ ತೆರೆದವರು ನನಗೆ ಗೊತ್ತು. ಸಂಜೆ ಮೇಲೆ ಬರುವ ಆ ಸಂದೇಶ ಯಾವ ಐದು ಗಂಟೆಯೊಳಗೆ ಬರುತ್ತದೆ, ಹೇಳಿ.

ಹೆಚ್ಚು ಸಂಕಟ ಆಗುವುದು ವೃದ್ಧರ ಹಣ ಕೊಡುವಾಗ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಎಣಿಸಿ ಕೈಗಿಟ್ಟಾಗ ಮುದುಕರ ಮುಖ ಅರಳುತ್ತದೆ. ಆ ಯೋಜನೆಗೆ ಅರ್ಹರಾಗುವ ವಯಸ್ಸು 65. ನಮ್ಮನ್ನು ಮನೆಗೆ ಕಳಿಸುವ ವಯಸ್ಸೂ ಅದೇ. ಅಟಲ್ ಪಿಂಚಣಿಯ ಬಗ್ಗೆ ಬಂದವರಿಗೆಲ್ಲ ವಿವರಿಸುತ್ತೇವೆ, ನಮ್ಮ ಕೆಲಸಕ್ಕೆ ನಮಗೆ ಅಷ್ಟೂ ಇಲ್ಲ.

ಸಿಗುವುದೇನು ಅಂತಲೂ ಹೇಳಿಬಿಡುತ್ತೇನೆ. ಗ್ರಾಚ್ಯುಟಿ ಅಂತ ಒಂದು ಮೊತ್ತ, ಅದೂ ಹಕ್ಕಿನದಲ್ಲ, ಕೃಪೆಯ ಲೆಕ್ಕದ್ದು. ಇನ್ನೊಂದು ಸರ್ವಿಸ್ ಡಿಸ್ಚಾರ್ಜ್ ಬೆನಿಫಿಟ್ ಯೋಜನೆ. 2011ರಲ್ಲಿ ಶುರುವಾದಾಗ ನಮ್ಮ ಹೆಸರಲ್ಲಿ ಇಲಾಖೆ ತಿಂಗಳಿಗೆ ಹಾಕುತ್ತಿದ್ದದ್ದು 200 ರೂಪಾಯಿ. ಇನ್ನೂರು! ಅದರ ಮೇಲೆ ಒಬ್ಬ ಮನುಷ್ಯನ ಮುಪ್ಪು ನಿಲ್ಲುತ್ತದೆ ಅಂತ ಯಾರು ಲೆಕ್ಕ ಹಾಕಿದರೋ.

ಖಾಯಂ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. 2004ರ ನಂತರ ಸೇರಿದವರು ಹಳೆ ಪಿಂಚಣಿಗಾಗಿ ಹೋರಾಡುತ್ತಿರುವುದು ನ್ಯಾಯವೇ. 2025ರ ಏಪ್ರಿಲ್‌ನಿಂದ ಬಂದ ಏಕೀಕೃತ ಪಿಂಚಣಿಯಲ್ಲಿ ಅವರಿಗೆ ಹತ್ತು ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿ, 25 ವರ್ಷ ಆದರೆ ಕೊನೆಯ ಹನ್ನೆರಡು ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ. ಅದೇ ಇಲಾಖೆಯ ಅದೇ ಚೀಲ ಹೊತ್ತ ನಮ್ಮ ನಲವತ್ತು ವರ್ಷಕ್ಕೆ ಮಾತ್ರ ಬೆಲೆಯಿಲ್ಲ.

ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದವರ ಕಥೆ ಇನ್ನೂ ಘೋರ. ಇಪ್ಪತ್ತು ಇಪ್ಪತ್ತೈದು ವರ್ಷ ಸೇವಕನಾಗಿ ದುಡಿದು, ವಯಸ್ಸಾದ ಮೇಲೆ ಖಾಯಂ ಆಗಿ, ಹಳೆ ಪಿಂಚಣಿಗೆ ಬೇಕಾದ ಹತ್ತು ವರ್ಷಕ್ಕೆ ಸ್ವಲ್ಪದರಲ್ಲಿ ಸಾಲದೆ ಹೋದವರಿದ್ದಾರೆ. ಸೇವಕನಾಗಿದ್ದ ವರ್ಷಗಳನ್ನು ಸೇರಿಸಿ ಅಂತ ಕೇಳಿದರೆ, ಸೇರಿಸುವಂತಿಲ್ಲ ಅಂತ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದೇ ಕೋರ್ಟು 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಇ.ಡಿ. ಏಜೆಂಟರದ್ದು ನಾಗರಿಕ ಹುದ್ದೆ, ವಿಚಾರಣೆ ಇಲ್ಲದೆ ತೆಗೆದುಹಾಕುವಂತಿಲ್ಲ ಅಂದಿತ್ತು. ನಾವು ಚುನಾವಣೆಗೆ ನಿಲ್ಲುವಂತಿಲ್ಲ, ಪಕ್ಷ ಸೇರುವಂತಿಲ್ಲ. ತಪ್ಪಾದರೆ ಚಾರ್ಜ್‌ಶೀಟ್ ಸರ್ಕಾರಿ ನೌಕರನಿಗೆ ಬಂದ ಹಾಗೇ ಬರುತ್ತದೆ. ಹಿಡಿದು ಬಡಿಯಲು ನೌಕರ, ಕೊಡುವಾಗ ಹೊರಗಿನವನು.

ಸಮಿತಿಗಳಿಗೇನೂ ಬರ ಇರಲಿಲ್ಲ. ತಲ್ವಾರ್ ಸಮಿತಿ, ನಟರಾಜಮೂರ್ತಿ ಸಮಿತಿ, ಕಮಲೇಶ್ ಚಂದ್ರ ಸಮಿತಿ. ಒಬ್ಬರು ನಿವೃತ್ತ ನ್ಯಾಯಮೂರ್ತಿ, ಉಳಿದವರು ನಿವೃತ್ತ ಅಂಚೆ ಅಧಿಕಾರಿಗಳು. ನಮ್ಮ ಮುಪ್ಪಿನ ಬಗ್ಗೆ ವರದಿ ಬರೆದವರೆಲ್ಲ ಪಿಂಚಣಿಯ ಹುದ್ದೆಗಳಿಂದ ಬಂದವರು. ಕಮಲೇಶ್ ಚಂದ್ರ ವರದಿ 2016ರಲ್ಲೇ ಸಿದ್ಧವಾಗಿತ್ತು. ಅದು ಸಂಪುಟದ ಮುಂದೆ ಬರಬೇಕಾದರೆ ನಾವು 2018ರ ಮೇ 22ರಿಂದ ಕೆಲಸ ನಿಲ್ಲಿಸಿ ಬೀದಿಯಲ್ಲಿ ಕೂರಬೇಕಾಯಿತು. ಜೂನ್ 6ಕ್ಕೆ ಒಪ್ಪಿಗೆ ಬಂತು. ನಾಲ್ಕು ಗಂಟೆಯ ಎಬಿಪಿಎಂಗೆ ಟಿಆರ್‌ಸಿಎ, ಅಂದರೆ ಸಂಬಳದ ಬದಲು ಕೊಡುವ ಭತ್ಯೆ, ತಿಂಗಳಿಗೆ 10,000, ಐದು ಗಂಟೆಯ ಬಿಪಿಎಂಗೆ 14,500, ಮೇಲೆ ತುಟ್ಟಿಭತ್ಯೆ. ಪಿಂಚಣಿ ಮಾತ್ರ ಬರಲಿಲ್ಲ.

ಸಂಘಗಳ ಮೇಲೂ ನನಗೆ ಸಿಟ್ಟಿದೆ. ಚಂದಾ ಕಟ್ಟುತ್ತೇನೆ, ಮುಷ್ಕರಕ್ಕೆ ಹೋಗುತ್ತೇನೆ, ಅದಕ್ಕೇ ಹೇಳುವ ಹಕ್ಕಿದೆ. ಇರುವ ನಾವೇ ಎರಡು ಮೂರು ಬಾವುಟದ ಕೆಳಗೆ ಹಂಚಿಹೋಗಿ, ಯಾರದು ದೊಡ್ಡ ಸಂಘ ಅಂತ ಕಿತ್ತಾಡುತ್ತೇವೆ. 2023ರ ಡಿಸೆಂಬರ್‌ನಲ್ಲಿ ಮತ್ತೆ ಮುಷ್ಕರ ಮಾಡಿದೆವು. ಎಂಟು ಗಂಟೆ ಕೆಲಸ ಕೊಡಿ, ಪಿಂಚಣಿ ಕೊಡಿ ಅಂತ ಕೇಳಿದೆವು. 2024ರ ಮಾರ್ಚ್‌ನಲ್ಲಿ ಹೊಸ ಯೋಜನೆ ಅಂತ ಬಂದದ್ದು ಏನು ಗೊತ್ತೇ? 12 ವರ್ಷ ದುಡಿದವನಿಗೆ ಭತ್ಯೆಯ ಮೇಲೆ ವರ್ಷಕ್ಕೆ 4,320 ರೂಪಾಯಿ ಹೆಚ್ಚು, 24 ವರ್ಷಕ್ಕೆ 5,520, 36 ವರ್ಷಕ್ಕೆ 7,200. ಹನ್ನೆರಡರಿಂದ ಭಾಗಿಸಿ ನೋಡಿ. ಹನ್ನೆರಡು ವರ್ಷದ ನಿಯತ್ತಿಗೆ ತಿಂಗಳಿಗೆ 360 ರೂಪಾಯಿ.

ಐದು ಗಂಟೆಯ ಕೆಲಸಕ್ಕೆ ಪೂರ್ತಿ ಪಿಂಚಣಿ ಹೇಗೆ ಅಂತ ಕೇಳುವವರಿದ್ದಾರೆ. ಸರಿ, ಲೆಕ್ಕಕ್ಕೇ ಬರೋಣ. ನಾವು ಬಳಸುವ ಮೆಷಿನ್ ಇಲಾಖೆಯದ್ದು. ಎಷ್ಟು ಹೊತ್ತಿಗೆ ಲಾಗಿನ್ ಆದೆವು, ಕೊನೆಯ ವ್ಯವಹಾರ ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲ ಅವರ ಸರ್ವರ್‌ನಲ್ಲೇ ಇದೆ. ರಾತ್ರಿ ಕಳಿಸಿದ ಟಾರ್ಗೆಟ್ ಸಂದೇಶಗಳು ನಮ್ಮ ಫೋನಿನಲ್ಲಿವೆ. ಅವೆರಡನ್ನೂ ಎದುರಿಗಿಟ್ಟು ಗಂಟೆ ಎಣಿಸಿ. ಎಂಟು ಬಂದರೆ ಎಂಟಕ್ಕೆ ಪಿಂಚಣಿ ಕೊಡಿ, ಐದು ಬಂದರೆ ಐದಕ್ಕೆ ತಕ್ಕಷ್ಟು ಕೊಡಿ. ಎಂಟನೇ ವೇತನ ಆಯೋಗ ಕೂತಿರುವ ಈ ಹೊತ್ತಿನಲ್ಲಿ ಇವರದ್ದು ಬೇರೆ ಸಮಿತಿ ನೋಡುತ್ತದೆ ಅಂತ ನಮ್ಮನ್ನು ಮತ್ತೊಮ್ಮೆ ಹೊರಗೆ ನಿಲ್ಲಿಸಬೇಡಿ. ನಮ್ಮ ಸಂಘಗಳ ನಾಯಕರಿಗೂ ಇದೇ ಮಾತು: ಈ ಸಲ ಸಂಬಳ ನಾಲ್ಕು ಕಾಸು ಏರಿಸಿ ಪಿಂಚಣಿ ಆಮೇಲೆ ನೋಡೋಣ ಅಂದರೆ, ಆ ಒಪ್ಪಂದಕ್ಕೆ ನಮ್ಮ ಹೆಸರಲ್ಲಿ ಸಹಿ ಹಾಕಬೇಡಿ.