ನಮ್ಮತ್ತೆ, ಹೀಟ್ ಪಂಪು ಮತ್ತು ಸಬ್ಸಿಡಿ

ಜರ್ಮನಿಲಿ ಹಳೇ ಮನೆ ತಗೊಂಡ್ರೆ ಬ್ಯಾಂಕಿಗೆ ಕಟ್ಟೋ ಕಂತು ಒಂದು, ನೆಲಮಾಳಿಗೆಲಿರೋ ಆಯಿಲ್ ಬಾಯ್ಲರಿಗೆ ಕಟ್ಟೋ ಕಪ್ಪ ಇನ್ನೊಂದು. ಸ್ಟುಟ್‌ಗಾರ್ಟ್ ಹತ್ರದ ನಮ್ಮನೆಲಿ ಹಿಂದಿನ ಓನರ್ ಪುಣ್ಯಾತ್ಮ ಟೈಲ್ಸ್ ಕೆಳಗೆ ಪೈಪ್ ಓಡಿಸಿ ಫ್ಲೋರ್ ಹೀಟಿಂಗ್ ಮಾಡ್ಸಿದ್ದ, ಅದಕ್ಕೇ 2024ರಲ್ಲಿ ನಮ್ಮೆಜಮಾನ್ರು ಹೀಟ್ ಪಂಪ್, ಅಂದ್ರೆ ಹೊರಗಿನ ಗಾಳಿಲಿರೋ ಶಾಖ ಎಳ್ಕೊಂಡು ಮನೆ ಬೆಚ್ಚಗಿಡೋ ಕರೆಂಟ್ ಮಷಿನ್, ಅದರ ಜಪ ಶುರು ಮಾಡಿದ್ರು. ಅದೇ ಟೈಮಿಗೆ ಶಿವಮೊಗ್ಗದಿಂದ ಅತ್ತೆ ಬಂದ್ರು.

ಮೊದಲು ಬಂದ ಸೇಲ್ಸ್‌ನವನು ಹೆಣ್ಣು ನೋಡೋಕೆ ಬಂದೋನ ತರ ಕೂತು ಕಾಫಿ ಕುಡಿದು, ನೆಲಮಾಳಿಗೆಗೆ ಇಳೀದೇ, 16 ಕಿಲೋವ್ಯಾಟ್ ಮಷಿನ್ ಹಾಕ್ಸಿ, ಸೇಫ್ ಆಗಿರುತ್ತೆ ಅಂದ. ಆಮೇಲೆ ಬಂದ ಎನರ್ಜಿ ಕನ್ಸಲ್ಟೆಂಟ್ ಒಂದೊಂದು ರೂಮಿನ ಗೋಡೆ, ಕಿಟಕಿ ಅಳೆದು ಲೆಕ್ಕ ಹಾಕಿ 7 ಸಾಕು ಅಂದ್ರು. ದೊಡ್ಡದು ತಗೊಂಡ್ರೆ ಅದು ಆನ್ ಆಗೋದು ಆಫ್ ಆಗೋದು, ಆನ್ ಆಗೋದು ಆಫ್ ಆಗೋದು, ಹೀಗೇ ಮಾಡ್ತಾ ಕರೆಂಟೂ ತಿನ್ನುತ್ತೆ, ಕಂಪ್ರೆಸರ್ ಆಯಸ್ಸೂ ಕಮ್ಮಿ ಆಗುತ್ತಂತೆ.

ಅಸಲು ಗುಟ್ಟಿರೋದು ಪೈಪಲ್ಲಿ ಓಡೋ ನೀರು ಎಷ್ಟು ಬಿಸಿ ಅನ್ನೋದ್ರಲ್ಲಿ. ಹಳೇ ರೇಡಿಯೇಟರಿಗೆ 55 ಡಿಗ್ರಿ ನೀರು ಬೇಕು, ನೆಲಕ್ಕೆ 35 ಸಾಕು, ಒಂದೊಂದು ಡಿಗ್ರಿ ಇಳಿಸಿದಷ್ಟೂ ಹೆಚ್ಚುಕಮ್ಮಿ 2 ಪರ್ಸೆಂಟ್ ಕರೆಂಟ್ ಉಳಿಯುತ್ತೆ. ಬ್ರೋಷರಲ್ಲಿ ಒಂದು ಯೂನಿಟ್ ಕರೆಂಟಿಗೆ 5 ಯೂನಿಟ್ ಶಾಖ ಅಂತ ದಪ್ಪಕ್ಷರದಲ್ಲಿ ಇರುತ್ತೆ, ಹೊರಗಡೆ 7 ಡಿಗ್ರಿ ಇದ್ದಾಗ ಅನ್ನೋದು ಮಾತ್ರ ಭೂತಗನ್ನಡಿ ಹಿಡಿದ್ರೇ ಕಾಣೋದು. ಹೊರಗೆ ಮೈನಸ್ 7 ಇದ್ದಾಗ ಎಷ್ಟು ಅನ್ನೋ ಸಾಲು ಎಲ್ಲಿದೆ ಅಂತ ಹುಡುಕಿ ಓದ್ಬೇಕು.

ಕೊನೆಗೆ ಪ್ರೊಪೇನ್ ತುಂಬಿರೋ ಮಷಿನ್ ಆರಿಸಿದ್ವಿ, ಉರಿಸೋಕಲ್ಲ, ಒಳಗೊಳಗೇ ಸುತ್ತಿ ಶಾಖ ಹೊತ್ತು ತರೋಕೆ. ಅತ್ತೆ ಕಿವಿ ನೆಟ್ಟಗಾಯ್ತು, ಮಗನ್ನ ಕೇಳಿದ್ರು.

"ಪ್ರೊಪೇನ್ ಅಂದ್ರೆ ನಮ್ಮ ಸಿಲಿಂಡರಲ್ಲಿ ಇರುತ್ತಲ್ಲ, ಅದೇನೋ?"

"ಹೂಂನಮ್ಮ, ಅದರಲ್ಲೂ ಇರುತ್ತೆ."

"ಹಂಗಾದ್ರೆ ಸಬ್ಸಿಡಿ ಅಕೌಂಟಿಗೆ ಬೀಳುತ್ತೆ ಬಿಡು."

ನಗಬೇಡಿ, ನಿಜವಾಗ್ಲೂ ಬೀಳುತ್ತೆ! 2024ರ ಲೆಕ್ಕದಲ್ಲಿ ಸರ್ಕಾರದ ಮೂಲ ಸಬ್ಸಿಡಿ 30 ಪರ್ಸೆಂಟ್, ಹಳೇ ಆಯಿಲ್ ಬಾಯ್ಲರ್ ಕಿತ್ತಿದ್ದಕ್ಕೆ 20, ಪ್ರೊಪೇನ್ ಇರೋದಕ್ಕೆ ಇನ್ನೊಂದು 5, ಎಲ್ಲಾ 30,000 ಯೂರೋವರೆಗಿನ ಖರ್ಚಿನ ಮೇಲೆ, ಕೆಲಸ ಮುಗಿದ್ಮೇಲೆ ಅಕೌಂಟಿಗೇ.

ಆದ್ರೆ ಪ್ರೊಪೇನ್ ಗಾಳಿಗಿಂತ ಭಾರ, ಲೀಕ್ ಆದ್ರೆ ಕೆಳಗಿಳಿಯುತ್ತೆ, ಅದಕ್ಕೇ ನೆಲಮಾಳಿಗೆ ಕಿಟಕಿ ಪಕ್ಕ ಇಡೋ ಹಾಗಿಲ್ಲ ಅಂದ ಫಿಟ್ಟರ್. ನಾವು ಜಾಗ ಮಾಡಿದ್ದು ಸರಿಯಾಗಿ ಅಲ್ಲೇ. ಇನ್ನೊಂದು ಮೂಲೆಗೆ ಹಾಕೋಣ ಅಂದ್ರೆ ಅದು ಪಕ್ಕದ್ಮನೆ ತಾತನ ಬೆಡ್‌ರೂಮ್ ಕಡೆ, ನಮ್ಮಂಥ ಏರಿಯಾಲಿ ರಾತ್ರಿ ಅವರ ಕಿಟಕಿ ಹತ್ರ ಸದ್ದು 40 ಡೆಸಿಬೆಲ್ ದಾಟೋ ಹಾಗಿಲ್ಲ. ಅಂತೂ ಮಷಿನ್ ಹೋಗಿ ಕೂತಿದ್ದು ಅತ್ತೆ ಕೊತ್ತಂಬರಿ ಹಾಕಿದ್ದ ಪಾತಿಲಿ. ಆ ವಿಷಯ ಇಲ್ಲಿ ಬೇಡ.

ಶುರುವಾದ ದಿನ ಅತ್ತೆ ನೆಲದ ಮೇಲೆ ಅಂಗೈ ಇಟ್ಟು ನೋಡಿ "ಬಿಸಿನೇ ಇಲ್ಲ ಕಣೇ, ನಿಮಗೆ ಟೋಪಿ ಹಾಕಿದಾರೆ" ಅಂದ್ರು. ನೆಲ 25 ಡಿಗ್ರಿ ಇದ್ರೆ ಅಂಗೈಗೆ ಗೊತ್ತೇ ಆಗಲ್ಲ ಅತ್ತೆ, ರೂಮು ಬೆಚ್ಚಗಿದ್ಯಲ್ಲ ಅಂದೆ. ಕೇಳ್ಲಿಲ್ಲ. ಮಧ್ಯಾಹ್ನ ಯಾರೂ ಇಲ್ದಾಗ ಎಲ್ಲಾ ಥರ್ಮೋಸ್ಟಾಟ್ ಕೊನೇವರೆಗೂ ತಿರುಗಿಸಿ, ಅರ್ಧ ಗಂಟೆ ಕಾದು, ಏನೂ ಆಗ್ಲಿಲ್ಲ ಅಂತ ಮರೆತು ಮಲಗಿದ್ದಾರೆ. ಕಾಂಕ್ರೀಟ್ ಒಳಗಿನ ಪೈಪಿಗೆ ಅಷ್ಟು ಅವಸರ ಇಲ್ಲ, ಬಿಸಿ ಮೇಲೆ ಬರೋಕೆ ಗಂಟೆಗಟ್ಟಲೆ ಬೇಕು, ಆಮೇಲೆ ಬೇಡ ಅಂದ್ರೂ ಇಳಿಯಲ್ಲ. ಮಾರನೇ ದಿನ ಬೆಳಗ್ಗೆ ಹೊರಗೆ ಹಿಮ, ಒಳಗೆ ನಮ್ಮೆಜಮಾನ್ರು ಬನಿಯನ್ನಲ್ಲಿ ನಿಂತು ಕಿಟಕಿ ತೆಗೀತಿದಾರೆ, ಅತ್ತೆ ಮಾತ್ರ ಈಗ ಸರಿಹೋಯ್ತು ನೋಡು ಅಂತ ಆರಾಮಾಗಿ ಅವರೆಕಾಳು ಹಿಚುಕ್ತಾ ಇದ್ರು.

ಅಷ್ಟೊತ್ತಿಗೆ ಬೆಲ್ಲು. ಪಕ್ಕದ್ಮನೆ ತಾತ, ನಿಮ್ಮ ಮಷಿನಿಂದ ಹೊಗೆ ಬರ್ತಿದೆ ಅಂತ ಗಾಬರಿಲಿ ಬಂದಿದ್ರು. ಹೊಗೆ ಅಲ್ಲ ಅದು, ಚಳಿಗೆ ಮೈಮೇಲೆ ಕಟ್ಟಿದ ಮಂಜನ್ನ ಮಷಿನ್ನೇ ಕರಗಿಸಿಕೊಳ್ಳುತ್ತೆ, ಆಗ ಬರೋ ಹಬೆ ಅಂತ ನಾನು ನನ್ನ ಅರೆಬರೆ ಜರ್ಮನ್‌ನಲ್ಲಿ ಹೇಳೋಕೆ ಒದ್ದಾಡ್ತಿದ್ರೆ ಹಿಂದಿಂದ ಅತ್ತೆ ಬಂದು ತಾತನ ಕೈಗೆ ಎರಡು ಕೋಡುಬಳೆ ಇಟ್ಟು, "ಗ್ಯಾಸು. ಸಬ್ಸಿಡಿ. ಡೈರೆಕ್ಟ್ ಅಕೌಂಟ್" ಅಂದ್ರು.

ತಾತ ಫಿಟ್ಟರ್ ನಂಬರ್ ಕೇಳಿದ್ರು.